ವೈದ್ಯವೃತ್ತಿಯಿಂದ ತಳಿಸಂಶೋಧನೆಗೆ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗೊಂದು ಮಾರ್ಗದರ್ಶಿ

ವೈದ್ಯನಾಗಬೇಕೆಂಬ ಆಸೆಯೂ ಸಂಶೋಧನೆ ಮಾಡಬೇಕೆಂಬ ಆಸೆಯೂ ಒಟ್ಟಿಗೇ ಇರುವ ಪಿಯುಸಿ ವಿದ್ಯಾರ್ಥಿಗೆ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ವೈದ್ಯಕೀಯ ತಳಿವಿಜ್ಞಾನದಲ್ಲಿ ಆ ಆಯ್ಕೆಯ ಅಗತ್ಯವೇ ಬರುವುದಿಲ್ಲ. ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಮಗುವೊಂದನ್ನು ಪರೀಕ್ಷಿಸಿದ ವೈದ್ಯರೇ, ಆ ಮಗುವಿನ ಕಾಯಿಲೆಗೆ ಕಾರಣವಾದ ಜೀನ್ ಯಾವುದೆಂದು ಸಂಜೆ ಹುಡುಕುವ ಶಾಖೆ ಇದು. ಹಾಸನದ ವೈದ್ಯಕೀಯ ಕಾಲೇಜಿನಲ್ಲೋ ಚಿಕ್ಕಮಗಳೂರಿನಲ್ಲೋ ಎಂಬಿಬಿಎಸ್ ಓದುತ್ತಿರುವವರನ್ನು, ಓದಬೇಕೆಂದಿರುವವರನ್ನು ಮತ್ತು ಅವರ ತಂದೆ ತಾಯಿಯರನ್ನು ಗಮನದಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದೆ. ತಳಿಸಂಶೋಧನೆ ಎಂದರೆ ದುಬಾರಿ ಯಂತ್ರಗಳ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಈ ವೃತ್ತಿಯ ಅಡಿಪಾಯ ರೋಗಿಯ ಮನೆತನವನ್ನು ವಿವರವಾಗಿ, ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವುದರಲ್ಲಿದೆ, ಮತ್ತು ಅದನ್ನು ಕಲಿಯಲು ಜಿಲ್ಲಾ ಆಸ್ಪತ್ರೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೊದಲು ಇಬ್ಬರ ಬದುಕನ್ನು ಓದಿಕೊಳ್ಳಿ

ಪ್ರವೇಶ ಪರೀಕ್ಷೆ, ಸೀಟುಗಳ ಲೆಕ್ಕಾಚಾರಕ್ಕೆ ಇಳಿಯುವ ಮೊದಲು ಈ ಕೆಲಸ ಮಾಡಿದವರು ದಿನವಿಡೀ ಏನು ಮಾಡುತ್ತಿದ್ದರು ಎಂಬುದನ್ನು ತಿಳಿದುಕೊಳ್ಳಬೇಕು. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ (1857–1936) ಅವರ ಬಳಿ ಇಂದಿನ ಯಾವ ತಳಿಪರೀಕ್ಷೆಯೂ ಇರಲಿಲ್ಲ. ಜೀನ್ ಎಂಬ ಹೆಸರೇ ಆಗಿನ್ನೂ ಹುಟ್ಟಿರಲಿಲ್ಲ. ಆಲ್ಕಾಪ್ಟೊನೂರಿಯಾ ಎಂಬ ಅಪರೂಪದ ಸ್ಥಿತಿಯಲ್ಲಿ ಮೂತ್ರವು ಗಾಳಿಗೆ ತೆರೆದುಕೊಂಡರೆ ಕಪ್ಪಾಗುತ್ತದೆ. ಅದನ್ನು ಆಗ ಕರುಳಿನ ಸೋಂಕೆಂದು ಭಾವಿಸುವವರಿದ್ದರು. ಈ ಸ್ಥಿತಿಯಿದ್ದ ಮಗುವಿನ ತಾಯಿ ಮತ್ತೆ ಗರ್ಭಿಣಿಯಾದಾಗ ಗ್ಯಾರಡ್ ಹುಟ್ಟಲಿರುವ ಕೂಸಿನ ಒದ್ದೆ ಬಟ್ಟೆಗಳ ಮೇಲೆ ಮೊದಲ ದಿನದಿಂದಲೇ ಕಣ್ಣಿಡಲು ಏರ್ಪಾಡು ಮಾಡಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಬಟ್ಟೆಯ ಮೇಲೆ ಕಪ್ಪು ಕಲೆ ಕಾಣಿಸಿತು. ಹಾಗಾದರೆ ಇದು ಎಲ್ಲಿಂದಲೋ ತಗುಲಿದ್ದಲ್ಲ, ಹುಟ್ಟಿನಿಂದಲೇ ಬಂದದ್ದು ಎಂದಾಯಿತು. ಇಂತಹ ಮಕ್ಕಳ ತಂದೆ ತಾಯಿಯರನ್ನು ಅವರು ವಿಚಾರಿಸಿ ನೋಡಿದಾಗ ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಗಳು ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಇದನ್ನು ಜೀವವಿಜ್ಞಾನಿ ವಿಲಿಯಂ ಬೇಟ್ಸನ್ ಅವರೊಂದಿಗೆ ಚರ್ಚಿಸಿ, ಮೆಂಡಲ್ ಹೇಳಿದ ಅಪ್ರಬಲ ಗುಣದ, ಎಂದರೆ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸುವ ಗುಣದ, ಹರಿವು ಮನುಷ್ಯರಲ್ಲೂ ಇದೆ ಎಂಬುದನ್ನು 1902ರಲ್ಲಿ ಪ್ರಕಟಿಸಿದರು. ಆ ಕಾಯಿಲೆಯ ಜೀನನ್ನು ಗುರುತಿಸಿದ್ದು 1996ರಲ್ಲಿ, ಎಂದರೆ ಸುಮಾರು ಒಂದು ಶತಮಾನದ ನಂತರ.

ಎರಡನೆಯವರು ಅಮೆರಿಕದ ವಿಕ್ಟರ್ ಮೆಕ್‌ಕ್ಯೂಸಿಕ್ (1921–2008). ಮೇಯ್ನ್ ರಾಜ್ಯದ ಹೈನುಗಾರಿಕೆಯ ಮನೆಯಲ್ಲಿ ಅವಳಿಗಳಲ್ಲಿ ಒಬ್ಬರಾಗಿ ಹುಟ್ಟಿದರು. ಹದಿಹರೆಯದಲ್ಲಿ ಕಾಡಿದ ಸೋಂಕೊಂದು ಅವರನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿತು. ವೈದ್ಯನಾಗುವ ಮನಸ್ಸು ಮೂಡಿದ್ದು ಅಲ್ಲಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವರು ತರಬೇತಿ ಪಡೆದದ್ದು ಹೃದ್ರೋಗದಲ್ಲಿ. ಉದ್ದ ಕೈಕಾಲು, ಸಡಿಲ ಕೀಲು, ಹಿಗ್ಗಿದ ಮಹಾಧಮನಿ ಇರುವ ಮಾರ್ಫಾನ್ ಸಿಂಡ್ರೋಮಿನ ರೋಗಿಗಳನ್ನು ನೋಡುತ್ತಾ ಅವರ ಮನೆಯವರನ್ನೂ ಪರೀಕ್ಷಿಸತೊಡಗಿದ್ದೇ ಅವರನ್ನು ತಳಿವಿಜ್ಞಾನಕ್ಕೆ ತಂದಿತು. 1957ರಲ್ಲಿ ಅಲ್ಲಿಯೇ ವೈದ್ಯಕೀಯ ತಳಿವಿಜ್ಞಾನದ ವಿಭಾಗವನ್ನು ಕಟ್ಟಿದಾಗ, ಒಳ್ಳೆಯ ಹೃದ್ರೋಗ ವೈದ್ಯನೊಬ್ಬ ಅಪರೂಪದ, ಪ್ರಯೋಜನವಿಲ್ಲದ ಕಾಯಿಲೆಗಳ ಹಿಂದೆ ಬಿದ್ದು ಕೆಟ್ಟನೆಂದು ಸಹೋದ್ಯೋಗಿಗಳು ಆಡಿಕೊಂಡದ್ದುಂಟು. ಮನುಷ್ಯರ ಆನುವಂಶಿಕ ಗುಣಗಳ ಪಟ್ಟಿಯನ್ನು 1966ರಲ್ಲಿ ಸುಮಾರು 1,500 ನಮೂದುಗಳೊಂದಿಗೆ ಹೊರತಂದರು. 1987ರಿಂದ ಅದು ಕಂಪ್ಯೂಟರ್ ಮೂಲಕ ಸಿಗತೊಡಗಿತು. ಇಂದು ಓಎಂಐಎಂ ಎಂಬ ಹೆಸರಿನಲ್ಲಿ, ಜಗತ್ತಿನ ತಳಿವೈದ್ಯರೆಲ್ಲ ದಿನವೂ ತೆರೆದು ನೋಡುವ ಕೋಶ ಅದೇ. ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಆ ಕೋಶವನ್ನು ಎಂಬಿಬಿಎಸ್ ಎರಡನೇ ವರ್ಷದಿಂದಲೇ ಬಳಸುವ ರೂಢಿ ಮಾಡಿಕೊಳ್ಳಿ.

ಕಾಫಿ ತೋಟದ ಮನೆಗಳಿಂದ ಬಂದ ವಿದ್ಯಾರ್ಥಿಗಳಿಗೆ ತಳಿ ಎಂಬುದು ಹೊಸ ವಿಚಾರವಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್.795 ತಳಿಯ ಗುಣವನ್ನು ಅಜ್ಜನೇ ಹೇಳಿರುತ್ತಾರೆ. ಆದರೆ ಗಿಡಗಳಲ್ಲಿ ಬೇಕಾದ ಎರಡನ್ನು ಬೆಸೆದು ಫಲ ನೋಡಬಹುದು, ಮನುಷ್ಯರಲ್ಲಿ ಅದು ಸಾಧ್ಯವಿಲ್ಲ. ಈಗಾಗಲೇ ಆಗಿಹೋದ ಮದುವೆಗಳನ್ನು, ಹುಟ್ಟಿದ ಮಕ್ಕಳನ್ನು ವಿಚಾರಿಸಿಯೇ ತಳಿವೈದ್ಯ ಎಲ್ಲವನ್ನೂ ಊಹಿಸಬೇಕು. ಮನೆತನದ ಚರಿತ್ರೆಗೆ ಇಷ್ಟೊಂದು ಬೆಲೆ ಬಂದದ್ದು ಈ ಕಾರಣಕ್ಕೆ.

ಮಲೆನಾಡಿನ ಒಂದು ಪ್ರಕರಣ

ನಮ್ಮ ನೆಲದ ಉದಾಹರಣೆ ಬೇಕೆಂದರೆ ಹಂದಿಗೋಡು ಕಾಯಿಲೆಯನ್ನು ಅಧ್ಯಯನ ಮಾಡಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ, ಸೊಂಟದ ಕೀಲು ನೋವಿನಿಂದ ನಡೆಯಲಾರದವರು, ಎತ್ತರ ಬೆಳೆಯದವರು ಒಂದೊಂದು ಮನೆಯಲ್ಲೂ ಹಲವರಿರುವುದು ಹೊರಜಗತ್ತಿನ ಗಮನಕ್ಕೆ ಬಂತು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಭಾಗದಲ್ಲೂ ಇದೇ ತೊಂದರೆಯಿರುವ ಕುಟುಂಬಗಳು ಪತ್ತೆಯಾದವು. ಗದ್ದೆಗೆ ಸಿಂಪಡಿಸುವ ಕೀಟನಾಶಕವೇ ಕಾರಣ, ಅಂತಹ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತುಗಳು ಹಬ್ಬಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಮುಂದೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರ್ವಾಲ್, ಶುಭಾ ಫಡ್ಕೆ ಮತ್ತವರ ಸಂಗಡಿಗರು ಎಕ್ಸ್‌ರೇಗಳನ್ನೂ ವಂಶವೃಕ್ಷಗಳನ್ನೂ ಒಟ್ಟಿಗಿಟ್ಟು ನೋಡಿದಾಗ, ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷ, ಪ್ರಬಲ ಗುಣವಾಗಿ ಸಾಗಿಬರುತ್ತಿದೆ ಎಂಬುದು ಸ್ಪಷ್ಟವಾಯಿತು. ಪ್ರಬಲ ಗುಣವೆಂದರೆ ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಐವತ್ತು.

ಗಮನಿಸಬೇಕಾದದ್ದು, ಒಂದೇ ಮನೆಯವರು ಒಂದೇ ಅನ್ನ ಉಣ್ಣುತ್ತಾರೆ, ಒಂದೇ ಬಾವಿಯ ನೀರು ಕುಡಿಯುತ್ತಾರೆ. ಆದ್ದರಿಂದ ಮನೆಯಲ್ಲಿ ಹಲವರಿಗೆ ಬಂತೆಂದ ಮಾತ್ರಕ್ಕೆ ಕಾಯಿಲೆ ಆನುವಂಶಿಕವೆಂದು ಹೇಳಲಾಗದು. ಅದೇ ಅಡುಗೆ ಉಂಡ ಸೊಸೆಗೆ ಏಕೆ ಬರಲಿಲ್ಲ, ಬೇರೆ ಊರಿಗೆ ಮದುವೆಯಾಗಿ ಹೋದ ಮಗಳಿಗೆ ಮತ್ತು ಅವಳ ಮಗನಿಗೆ ಏಕೆ ಬಂತು ಎಂಬ ಎರಡು ಪ್ರಶ್ನೆಗಳೇ ಇಂತಹ ತೊಡಕನ್ನು ಬಿಡಿಸುವುದು. ಸೊಸೆಯಂದಿರನ್ನೂ ಹೊರಗೆ ಕೊಟ್ಟ ಹೆಣ್ಣುಮಕ್ಕಳನ್ನೂ ಬಿಟ್ಟು ಬರೆದ ವಂಶವೃಕ್ಷದಿಂದ ಇದು ಎಂದಿಗೂ ತಿಳಿಯುವುದಿಲ್ಲ.

ಓದಿನ ಮೆಟ್ಟಿಲುಗಳು

ಇದನ್ನು ಬೇಗ ಮುಗಿಸೋಣ, ಏಕೆಂದರೆ ಈ ಮಾಹಿತಿ ಎಲ್ಲೆಡೆ ಸಿಗುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ನಂತರ ನೀಟ್ ಪರೀಕ್ಷೆ, ಇದನ್ನು ಕನ್ನಡದಲ್ಲೂ ಬರೆಯಬಹುದು. ಅದರ 180 ಪ್ರಶ್ನೆಗಳಲ್ಲಿ ಅರ್ಧದಷ್ಟು ಜೀವಶಾಸ್ತ್ರದವು. ದ್ವಿತೀಯ ಪಿಯುಸಿಯ ಅನುವಂಶೀಯತೆಯ ಅಧ್ಯಾಯವನ್ನು ಅಂಕಕ್ಕಾಗಿ ಬಾಯಿಪಾಠ ಮಾಡದೆ, ಅಲ್ಲಿರುವ ವಂಶಾವಳಿ ಚಿತ್ರಗಳನ್ನು ಸ್ವತಃ ಬಿಡಿಸಿ ಕಲಿಯಿರಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಹಾಸನದ ಹಿಮ್ಸ್‌ನಲ್ಲಿ ಓದಿದರೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನ ಹೊಸ ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಅಲ್ಲಿಯ ಜಿಲ್ಲಾ ಆಸ್ಪತ್ರೆ ನಿಮ್ಮ ಪಾಠಶಾಲೆಯಾಗುತ್ತದೆ.

ಆಮೇಲೆ ಮೂರು ವರ್ಷದ ಎಂಡಿ. ಮಕ್ಕಳ ವೈದ್ಯಶಾಸ್ತ್ರ, ಸಾಮಾನ್ಯ ವೈದ್ಯಶಾಸ್ತ್ರ ಅಥವಾ ಪ್ರಸೂತಿ ಶಾಸ್ತ್ರ, ಈ ಮೂರರಲ್ಲಿ ಯಾವುದನ್ನು ಮಾಡಿದವರಿಗೂ ವೈದ್ಯಕೀಯ ತಳಿವಿಜ್ಞಾನದ ಮೂರು ವರ್ಷದ ಡಿಎಂಗೆ, ಎಂದರೆ ಎಂಡಿಯ ಮೇಲಿನ ಉನ್ನತ ಪದವಿಗೆ, ಅವಕಾಶವಿದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳ ವೈದ್ಯಶಾಸ್ತ್ರವೇ ಹೆಚ್ಚು ಅನುಕೂಲ, ಏಕೆಂದರೆ ಆನುವಂಶಿಕ ಕಾಯಿಲೆಗಳ ಬಹುಪಾಲು ಮೊದಲು ಕಾಣಿಸಿಕೊಳ್ಳುವುದು ಮಕ್ಕಳಲ್ಲಿ. ಆದರೆ ಮೆಕ್‌ಕ್ಯೂಸಿಕ್ ಅವರಂತೆ ದೊಡ್ಡವರ ಹೃದಯ, ನರ ಅಥವಾ ಕ್ಯಾನ್ಸರಿನ ಕಡೆ ಒಲವಿರುವವರು ಸಾಮಾನ್ಯ ವೈದ್ಯಶಾಸ್ತ್ರವನ್ನು ಬಿಡಬೇಕಾಗಿಲ್ಲ. ಡಿಎಂ ಸೀಟುಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ಲಖನೌದ ಆ ಸಂಸ್ಥೆ, ದೆಹಲಿಯ ಏಮ್ಸ್, ಹೈದರಾಬಾದಿನ ನಿಮ್ಸ್ ಇವುಗಳಲ್ಲಿ ಹೆಸರಾದವು. ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯಕ್ಕೇ ಮೀಸಲಾದ ವಿಭಾಗವಿದೆ. ಎಲ್ಲವೂ ಒಂದೇ ಏಟಿಗೆ ಸಿಕ್ಕರೂ ಓದು ಮುಗಿಯುವಷ್ಟರಲ್ಲಿ ವಯಸ್ಸು ಮೂವತ್ತರ ಆಸುಪಾಸಿಗೆ ಬಂದಿರುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೃದ್ರೋಗ ತಜ್ಞರ ವರಮಾನ ಇಲ್ಲಿಲ್ಲ. ಸಂಬಳದ ಹುದ್ದೆಗಳೂ ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇವೆ.

ವಂಶವೃಕ್ಷವನ್ನು ಬರೆದುಕೊಳ್ಳುವ ಬಗೆ

ಇದನ್ನು ಕಲಿಯಲು ಡಿಎಂ ಆಗುವವರೆಗೆ ಕಾಯಬೇಕಿಲ್ಲ. ವಾರ್ಡಿಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಆರಂಭಿಸಬಹುದು, ಮತ್ತು ಆರಂಭಿಸಲೇಬೇಕು.

ನಮ್ಮ ಜನರಿಗೆ ವಂಶವೃಕ್ಷವೆಂದರೆ ನಾಡಕಚೇರಿಯಲ್ಲಿ ಪಡೆಯುವ ಪ್ರಮಾಣಪತ್ರ ನೆನಪಾಗುತ್ತದೆ. ಪೌತಿ ಖಾತೆಗೋ ಆಸ್ತಿ ವಿಭಾಗಕ್ಕೋ ಬೇಕಾದ ಆ ಕಾಗದದಲ್ಲಿ ಹಕ್ಕುದಾರರು ಯಾರು ಎಂಬುದೇ ಮುಖ್ಯ. ಮೂರನೇ ತಿಂಗಳಿಗೇ ತೀರಿಕೊಂಡ ಕೂಸು, ನಿಲ್ಲದೆ ಹೋದ ಗರ್ಭ, ಹೆಸರಿಡುವ ಮುನ್ನವೇ ಮಣ್ಣಾದ ಮಗು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವೈದ್ಯರಿಗೆ ಬೇಕಾದದ್ದು ಆ ಕಾಗದ ಬಿಟ್ಟುಬಿಡುವ ಇದೇ ಜೀವಗಳು. ಆದ್ದರಿಂದ ರೋಗಿಯ ಕಡೆಯವರು ಪ್ರಮಾಣಪತ್ರದ ಪ್ರತಿಯನ್ನು ತಂದು ಮುಂದಿಟ್ಟರೂ, ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಕೇಳಿ ಬರೆಯಿರಿ.

ಬರೆಯುವ ಕ್ರಮ ಜಗತ್ತಿನಾದ್ಯಂತ ಒಂದೇ ಆಗಿದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆಯಿರುವವರ ಗುರುತನ್ನು ಪೂರ್ತಿ ತುಂಬಬೇಕು. ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ ಎಳೆಯಬೇಕು. ಯಾರಿಂದಾಗಿ ಈ ಕುಟುಂಬ ಆಸ್ಪತ್ರೆಗೆ ಬಂತೋ ಅವರ ಬಳಿ ಬಾಣದ ಗುರುತು. ದಂಪತಿಯ ನಡುವೆ ಒಂದು ಅಡ್ಡಗೆರೆ, ಅವರು ರಕ್ತಸಂಬಂಧಿಗಳಾಗಿದ್ದರೆ ಜೋಡಿಗೆರೆ. ತಲೆಮಾರುಗಳಿಗೆ ರೋಮನ್ ಅಂಕಿ, ಒಂದೇ ತಲೆಮಾರಿನವರಿಗೆ ಎಡದಿಂದ ಬಲಕ್ಕೆ ಸಾಮಾನ್ಯ ಅಂಕಿ. ಕನಿಷ್ಠ ಮೂರು ತಲೆಮಾರು ಇರಲೇಬೇಕು. ಹಾಳೆಯನ್ನು ಅಡ್ಡವಾಗಿಟ್ಟು, ಮಗುವನ್ನು ಕೆಳಭಾಗದ ಮಧ್ಯದಲ್ಲಿ ಬರೆದು ಮೇಲಕ್ಕೆ ಹೋದರೆ ಎರಡೂ ಕಡೆಯ ನೆಂಟರಿಗೆ ಜಾಗ ಉಳಿಯುತ್ತದೆ. ದಿನಾಂಕವನ್ನೂ, ಮಾಹಿತಿ ಕೊಟ್ಟವರು ಮಗುವಿಗೆ ಏನಾಗಬೇಕು ಎಂಬುದನ್ನೂ ಮೂಲೆಯಲ್ಲಿ ಬರೆದಿಡಿ.

ಗುರುತುಗಳನ್ನು ಒಂದೇ ಸಂಜೆ ಕಲಿಯಬಹುದು, ಕೇಳುವುದನ್ನು ಕಲಿಯಲು ವರ್ಷಗಳು ಬೇಕು. "ನಿಮ್ಮದು ಸಂಬಂಧದಲ್ಲಿ ಆದ ಮದುವೆಯೇನಮ್ಮ?" ಎಂದು ಕೇಳಿದರೆ ಎಷ್ಟೋ ಸಲ "ಇಲ್ಲ ಸಾರ್, ಹೊರಗಿನವರೇ" ಎಂಬ ಉತ್ತರ ಬರುತ್ತದೆ. ಸ್ವಲ್ಪ ತಾಳಿ, "ಮದುವೆಗೆ ಮುಂಚೆ ನಿಮ್ಮ ಅತ್ತೆಯನ್ನು ನೀವು ಏನೆಂದು ಕರೆಯುತ್ತಿದ್ದಿರಿ?" ಎಂದು ಕೇಳಿ ನೋಡಿ. ಪಕ್ಕದಲ್ಲಿ ಕೂತ ಅಜ್ಜಿಯೇ ಬಾಯಿ ಹಾಕಿ, "ಏನು ಹೊರಗಿನವರು? ನನ್ನ ತಮ್ಮನ ಮನೆಗೇ ಅಲ್ಲವೇ ಕೊಟ್ಟಿದ್ದು, ಹಳೇ ನೆಂಟಸ್ತಿಕೆ" ಎನ್ನಬಹುದು. ಸುಳ್ಳು ಹೇಳಬೇಕೆಂದು ಯಾರೂ ಹೇಳಿರುವುದಿಲ್ಲ. ತಪ್ಪು ಹೊರಿಸುತ್ತಾರೇನೋ ಎಂಬ ಅಳುಕಿನಿಂದ ಬಂದ ಉತ್ತರ ಅದು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಅತ್ತೆಯ ಮಗ, ಮಾವನ ಮಗಳು ಎಂದು ಮಾಡಿಕೊಳ್ಳುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದದ್ದು. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ಕಾಲುಭಾಗದಷ್ಟು ಜೀನ್‌ಗಳನ್ನು ಹಂಚಿಕೊಂಡಿರುತ್ತಾರೆ, ಅತ್ತೆ ಮಾವನ ಮಕ್ಕಳು ಎಂಟನೇ ಒಂದು ಭಾಗದಷ್ಟು. ಇದನ್ನು ಲೆಕ್ಕವಾಗಿ ಬರೆದುಕೊಳ್ಳಬೇಕೇ ಹೊರತು, ಮಗುವನ್ನು ಎದೆಗವಚಿಕೊಂಡು ಕೂತ ತಾಯಿಯ ಮುಂದೆ ತೀರ್ಪಾಗಿ ಹೇಳಬಾರದು. ಅಪ್ರಬಲ ಗುಣದ ಕಾಯಿಲೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸಮಾನ ವಾಹಕರು, ಎಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ಜೀನನ್ನು ಹೊತ್ತವರು. ಮಾತು ಮುಗಿಸುವ ಮುನ್ನ ಇದನ್ನು ಇಬ್ಬರಿಗೂ, ಸಾಧ್ಯವಾದರೆ ಅತ್ತೆಯವರ ಎದುರಿಗೇ, ಬಿಡಿಸಿ ಹೇಳಿ. ನಮ್ಮ ಕಡೆ ದೋಷವೆಲ್ಲ ಸೊಸೆಯ ತಲೆಗೇ ಬರುವುದರಿಂದ ಈ ಒಂದು ವಿವರಣೆಗೆ ಎಷ್ಟೋ ಔಷಧಿಗಿಂತ ಹೆಚ್ಚಿನ ಬೆಲೆಯಿದೆ.

ಹಿಂದಿನ ಹೆರಿಗೆಗಳ ವಿವರಕ್ಕೆ ತಾಯಿ ಕಾರ್ಡ್ ನೋಡಿ. ಊರಿನ ಹೆಸರನ್ನೂ ಬರೆದುಕೊಳ್ಳಿ: ತಂದೆಯ ಊರು ಅರಕಲಗೂಡಿನ ಬಳಿ, ತಾಯಿಯ ಊರು ಮೂಡಿಗೆರೆಯ ಕಡೆ ಎಂದಿದ್ದರೂ ಎರಡು ತಲೆಮಾರಿನ ಹಿಂದೆ ಇಬ್ಬರೂ ಒಂದೇ ಹಳ್ಳಿಯವರಾಗಿರಬಹುದು. ಸತ್ತವರ ಬಗ್ಗೆ ಕೇಳುವಾಗ ಕಾಯಿಲೆಯ ಹೆಸರನ್ನು ನೆಚ್ಚಿಕೊಳ್ಳಬೇಡಿ. "ಪಿಡ್ಸ್ ಬಂದು ಹೋಯಿತು" ಎಂದರೆ ಎಷ್ಟನೇ ತಿಂಗಳಲ್ಲಿ, ಅದಕ್ಕೆ ಮೊದಲು ಕತ್ತು ನಿಂತಿತ್ತೇ, ಹಾಲು ಕುಡಿಯುತ್ತಿತ್ತೇ, ಮೈ ಸಡಿಲವಿತ್ತೇ ಎಂದು ಕೇಳಬೇಕು.

ರಕ್ತದ ಮಾದರಿ ಮತ್ತು ವರದಿ

ಜಿಲ್ಲೆಯಲ್ಲಿ ತೆಗೆದ ರಕ್ತ ಬೆಂಗಳೂರಿಗೋ ಮಣಿಪಾಲಕ್ಕೋ ಪ್ರಯಾಣ ಮಾಡಬೇಕಾದ್ದರಿಂದ ಯಾವ ಟ್ಯೂಬಿಗೆ ತೆಗೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ವರ್ಣತಂತುಗಳನ್ನು ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಎರಡನೆಯದರಲ್ಲಿ ಜೀವಕೋಶಗಳು ಬದುಕಿಯೇ ತಲುಪಬೇಕಾದ್ದರಿಂದ ಮಂಜುಗಡ್ಡೆಯಾಗುವಂತೆ ಇಡಬಾರದು ಮತ್ತು ತಡಮಾಡಬಾರದು. ಟ್ಯೂಬನ್ನು ಮೇಲೆ ಕೆಳಗೆ ಮೆಲ್ಲಗೆ ಹಲವು ಸಲ ತಿರುಗಿಸಬೇಕು, ಕುಲುಕಬಾರದು. ಹೆಸರಿನ ಚೀಟಿಯನ್ನು ರೋಗಿಯ ಮಗ್ಗುಲಲ್ಲೇ ಅಂಟಿಸಿ. ಅಣ್ಣ ತಮ್ಮಂದಿರ ರಕ್ತವನ್ನು ಒಟ್ಟಿಗೆ ತೆಗೆದು ನರ್ಸ್ ಕೋಣೆಗೆ ಹೋಗಿ ಹೆಸರು ಬರೆಯುವುದರಿಂದ ಆಗುವ ಅದಲುಬದಲನ್ನು ಯಾವ ಯಂತ್ರವೂ ಸರಿಪಡಿಸಲಾರದು. ಮಗುವಿನ ಜೊತೆಗೆ ತಂದೆ ತಾಯಿಯ ಮಾದರಿಯನ್ನೂ ಅದೇ ದಿನ ತೆಗೆದಿಟ್ಟರೆ, ಮುಂದೆ ಅವರು ಸಕಲೇಶಪುರದ ಆಚೆಯ ತೋಟದಿಂದ ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರುವುದು ತಪ್ಪುತ್ತದೆ.

ವರದಿಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು, ಜೀನಿನಲ್ಲಿ ಕಂಡ ಆದರೆ ಮಹತ್ವ ಇನ್ನೂ ನಿರ್ಧಾರವಾಗದ ವ್ಯತ್ಯಾಸ ಎಂಬ ವರ್ಗ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘಟನೆ 2015ರಲ್ಲಿ ಒಪ್ಪಿಕೊಂಡ ಐದು ವರ್ಗಗಳಲ್ಲಿ ಇದು ನಡುವಿನದು. ಇದನ್ನು ಕಾಯಿಲೆಯ ಕಾರಣವೆಂದು ಹೇಳುವುದೂ ತಪ್ಪು, ಏನೂ ಇಲ್ಲವೆಂದು ಹೇಳುವುದೂ ತಪ್ಪು. ಇದರ ಆಧಾರದ ಮೇಲೆ ಮುಂದಿನ ಬಸಿರಿನ ಬಗ್ಗೆ ನಿರ್ಧಾರ ತೆಗೆದುಕೊಳ್ಳುವುದಂತೂ ಕೂಡದು. ಹೊರದೇಶದವರ ಮಾಹಿತಿಯೊಂದಿಗೆ ಹೋಲಿಸಿದಾಗ ಅಪರೂಪವೆನಿಸಿದ ವ್ಯತ್ಯಾಸ ನಮ್ಮ ಜನರಲ್ಲಿ ಸಾಮಾನ್ಯವಾಗಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10 ಸಾವಿರ ಭಾರತೀಯರ ಜೀನೋಮನ್ನು, ಎಂದರೆ ಇಡೀ ಡಿಎನ್‌ಎಯನ್ನು, ಓದಿದ್ದು ಈ ಕೊರತೆಯನ್ನು ತುಂಬಲೆಂದೇ.

ಕಾನೂನಿನ ತಿಳಿವಳಿಕೆಯೂ ಅಗತ್ಯ. ಭ್ರೂಣದ ಆನುವಂಶಿಕ ಪರೀಕ್ಷೆಗಳು, ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಅಡಿಯಲ್ಲಿ, ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ಲಿಂಗವನ್ನು ಯಾವ ರೀತಿಯಲ್ಲೂ ತಿಳಿಸುವಂತಿಲ್ಲ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾದಂತೆ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯ ವಿಚಾರದಲ್ಲಿ ಈ ನಿಯಮವನ್ನು ಕುಟುಂಬಕ್ಕೆ ಮೊದಲ ಭೇಟಿಯಲ್ಲೇ ವಿವರಿಸಿಬಿಡುವುದು ಲೇಸು.

ಸಂಶೋಧನೆಗೆ ಕೈಹಾಕುವುದು

ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ ಮೊದಲ ಬಾಗಿಲು. ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಸುಮಾರು ಎರಡು ತಿಂಗಳಲ್ಲಿ ಮುಗಿಯುವ ಪುಟ್ಟ ಅಧ್ಯಯನಕ್ಕೆ ಅದು ನೆರವಾಗುತ್ತದೆ. ಇಲ್ಲಿ ಅನೇಕರು ದೊಡ್ಡ ಜೀನಿನ ಹೆಸರು ಹಾಕಿ, ತಮ್ಮ ಕಾಲೇಜಿನಲ್ಲಿ ಇಲ್ಲದ ಯಂತ್ರದ ಮೇಲೆ ಪ್ರಸ್ತಾವ ಬರೆಯುತ್ತಾರೆ. ಅದಕ್ಕಿಂತ, ನಿಮ್ಮ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬಂದ ಕಿವುಡು ಮಕ್ಕಳಲ್ಲಿ ಎಷ್ಟು ಮಂದಿಯ ತಂದೆ ತಾಯಿ ರಕ್ತಸಂಬಂಧಿಗಳು, ಎಷ್ಟು ಮನೆಗಳಲ್ಲಿ ಎರಡನೇ ಮಗುವಿಗೂ ತೊಂದರೆಯಿದೆ ಎಂಬುದನ್ನು ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಲಿಖಿತ ಸಮ್ಮತಿಯೊಂದಿಗೆ ಕ್ರಮವಾಗಿ ದಾಖಲಿಸಿದರೆ ಅದು ಗಟ್ಟಿಯಾದ ಕೆಲಸ. ಗ್ಯಾರಡ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಸಮ್ಮತಿ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ. ಹಂದಿಗೋಡಿನ ವಿಷಯದಲ್ಲಿ ಒಂದು ಊರಿನ ಹೆಸರೇ ಕಾಯಿಲೆಯ ಹೆಸರಾಗಿ ಉಳಿದುಬಿಟ್ಟಿದೆ. ಅಲ್ಲಿಯ ಮಕ್ಕಳ ಮದುವೆಯ ಮಾತುಕತೆಯಲ್ಲಿ ಅದರ ಭಾರ ಎಷ್ಟಿರಬಹುದೆಂದು ಯೋಚಿಸಿ, ನಿಮ್ಮ ಪ್ರಬಂಧದಲ್ಲಿ ಹಳ್ಳಿಯ ಹೆಸರನ್ನಾಗಲಿ ಜಾತಿಯನ್ನಾಗಲಿ ಅಗತ್ಯವಿಲ್ಲದೆ ಬರೆಯಬೇಡಿ.

ಡಿಎಂ ನಂತರ ಸಂಶೋಧನೆಯನ್ನೇ ಮುಖ್ಯವಾಗಿಸಿಕೊಳ್ಳುವವರಿಗೆ ಇಂಡಿಯಾ ಅಲಯನ್ಸ್ ಸಂಸ್ಥೆ ವೈದ್ಯರಿಗೆಂದೇ ಫೆಲೋಶಿಪ್‌ಗಳನ್ನು ಕೊಡುತ್ತಾ ಬಂದಿದೆ. ಪ್ರಯೋಗಾಲಯದ ಕೆಲಸ ಕಲಿಯಲು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ನಿಮ್ಹಾನ್ಸ್ ಹತ್ತಿರದ ತಾಣಗಳು. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರ ಕೆಲಸವನ್ನೂ ಗಮನಿಸಿ: ಸ್ವತಃ ಹಿಮೊಫಿಲಿಯಾ ಇರುವ ಅವರು ರೋಗಶಾಸ್ತ್ರ ಓದಿ, ಅದೇ ಊರಿನಲ್ಲಿ ಹಿಮೊಫಿಲಿಯಾ ಸೊಸೈಟಿ ಕಟ್ಟಿ, ರೋಗಿಗಳ ಆರೈಕೆಯನ್ನು ಅಲ್ಲೇ ಒದಗುವಂತೆ ಮಾಡಿದರು. ರಾಜಧಾನಿಯಲ್ಲಿ ನೆಲೆಸದೆಯೂ ಇಂತಹ ಕೆಲಸ ಆಗುತ್ತದೆ.

ಜಿಲ್ಲೆಗೆ ಮರಳಿದರೆ

ತಳಿವೈದ್ಯರಾಗಿ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಪೂರ್ಣಾವಧಿ ನೆಲೆಸುವಷ್ಟು ಹುದ್ದೆಗಳು ಸದ್ಯಕ್ಕಿಲ್ಲವಾದರೂ, ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಯಲ್ಲಿ ಸಲಹಾ ದಿನ ನಡೆಸಲು ಸಾಧ್ಯವಿದೆ. ಶಾಲೆ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಕೆಲಸ ಮಾಡುತ್ತಿವೆ. ಅವರೊಂದಿಗೆ ಮತ್ತು ಆಶಾ ಕಾರ್ಯಕರ್ತೆಯರೊಂದಿಗೆ ಮಾತನಾಡಿ, ಒಂದೇ ಮನೆಯಲ್ಲಿ ಎರಡು ಮಕ್ಕಳಿಗೆ ಒಂದೇ ಬಗೆಯ ತೊಂದರೆಯಿದ್ದರೆ ಆ ದಿನಕ್ಕೆ ಕಳಿಸಿ ಎಂಬ ಒಂದೇ ಸೂಚನೆ ಕೊಟ್ಟರೂ ಸಾಕಷ್ಟು ಕುಟುಂಬಗಳು ಬರುತ್ತವೆ. ಸ್ನಾಯುಗಳನ್ನು ದುರ್ಬಲಗೊಳಿಸುವ ಎಸ್‌ಎಂಎ, ಕೊಬ್ಬಿನ ಅಂಶ ಅಂಗಗಳಲ್ಲಿ ಶೇಖರವಾಗುವ ಗೋಶೆ ಮೊದಲಾದ ಕಾಯಿಲೆಗಳು ಖಚಿತವಾದಾಗ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಅಡಿಯಲ್ಲಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅದಕ್ಕೆ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರದ ಮೂಲಕವೇ ಹೋಗಬೇಕು, ಕರ್ನಾಟಕದಲ್ಲಿ ಅದು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಕುಟುಂಬವನ್ನು ಅಲ್ಲಿಗೆ ಕಳಿಸುವಾಗ ನಿಮ್ಮ ಕೈಬರಹದ ವಂಶವೃಕ್ಷದ ಪ್ರತಿ, ತಳಿಪರೀಕ್ಷೆಯ ಮೂಲ ವರದಿ, ಮಗುವಿನ ತೂಕ ಎತ್ತರಗಳ ಹಳೆಯ ದಾಖಲೆ ಮತ್ತು ತಂದೆ ತಾಯಿಯರ ಗುರುತಿನ ಚೀಟಿಗಳನ್ನು ಒಂದೇ ಕಡತದಲ್ಲಿ ಹಾಕಿಕೊಟ್ಟು, ಅದರ ಇನ್ನೊಂದು ಪ್ರತಿಯನ್ನು ನಿಮ್ಮ ವಿಭಾಗದಲ್ಲಿ ಇರಿಸಿಕೊಳ್ಳಿ. ಆ ಮನೆಯ ಮುಂದಿನ ಮಗು ಬಂದಾಗ ಅಥವಾ ಚಿಕ್ಕಪ್ಪನ ಮಗಳು ಬಸಿರಾಗಿ ಬಂದಾಗ ನೀವು ಮೊದಲು ತೆರೆಯಬೇಕಾದದ್ದು ಆ ಪ್ರತಿಯನ್ನೇ.